ರೊಟ್ಟಿಯ ಹಂಚು ಮತ್ತು ಜೇನುಗೂಡಿನ ಬಾಣಲೆ
(ಉಗರಗೋಳದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ದಿನಗಳಲ್ಲಿ ಉಗರಗೋಳದ ಮಗ್ಗುಲಲ್ಲಿರುವ ಯಲ್ಲಮ್ಮನ ಗುಡ್ಡವು ಒಂದು ಮಹಾ ಅಡುಗೆಮನೆಯಾಗಿ ಮಾರ್ಪಡುತ್ತದೆ. ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಬಂದ ಭಕ್ತರು ಮೂರು ಕಲ್ಲು ಹೂಡಿ, ಒಲೆ ಹೊತ್ತಿಸಿ, ಹೋಳಿಗೆ, ಕಡಬು, ಪಲ್ಯಗಳನ್ನು ಸಿದ್ಧಪಡಿಸಿ, ಪಡ್ಡಲಗಿ ತುಂಬಿಸಿ ದೇವಿಗೆ ಅರ್ಪಿಸಿದ ನಂತರವೇ ಊಟಕ್ಕೆ ಕೂಡುತ್ತಾರೆ. ಅಲ್ಲಿ ಬಳಕೆಯಾಗುವ ಪಾತ್ರೆಗಳು ಬೆಂಕಿಗೆ ಅಂಜುವಂಥವಲ್ಲ. ಮಸಿ ಹಿಡಿದರೂ, ಕಲ್ಲಿಗೆ ತಾಗಿದರೂ, ಬೂದಿಯಿಂದ ಉಜ್ಜಿದರೂ ಅವುಗಳ ಆಯುಷ್ಯ ಕುಗ್ಗುವುದಿಲ್ಲ. ಈ ಸೀಮೆಯ ಹೆಣ್ಣುಮಕ್ಕಳು ಪಾತ್ರೆಯಿಂದ ನಿರೀಕ್ಷಿಸುತ್ತಾ ಬಂದಿರುವುದು ಇಂಥ ಗಟ್ಟಿತನವನ್ನೇ.

ಇತ್ತೀಚಿನ ವರ್ಷಗಳಲ್ಲಿ ಪಾತ್ರೆಯ ಅಂಗಡಿಗಳಲ್ಲಿ ಹೊಸ ಬಗೆಯ ಬಾಣಲೆಯೊಂದು ಕಾಣಿಸಿಕೊಂಡಿದೆ. ಹೊರಗಿನಿಂದ ನೋಡಿದರೆ ಅದು ಸ್ಟೀಲಿನದು. ಒಳಮೈಯಲ್ಲಿ ಜೇನುಗೂಡಿನಂತೆ ಆರು ಮೂಲೆಯ ಉಬ್ಬುಗೆರೆಗಳಿದ್ದು, ಗೆರೆಗಳ ನಡುವಿನ ತಗ್ಗುಗಳಲ್ಲಿ ಕಪ್ಪು ಲೇಪವಿರುತ್ತದೆ. ಇದನ್ನು 'ಹೈಬ್ರಿಡ್' ಬಾಣಲೆ ಎಂದು ಕರೆಯಲಾಗುತ್ತದೆ. ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿಗಳನ್ನು ಕಂಡ ರೈತನಿಗೆ ಈ ಪದದ ಅರ್ಥವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅದರ ಬಗೆಗಿನ ಎಚ್ಚರಿಕೆಯನ್ನೂ ಕಲಿಸಬೇಕಾಗಿಲ್ಲ. ಸ್ಟೀಲಿನ ಬಾಳಿಕೆ, ನಾನ್‌ಸ್ಟಿಕ್‌ನ ಅಂಟದ ಗುಣ, ಇವೆರಡೂ ಒಂದೇ ಪಾತ್ರೆಯಲ್ಲಿ ದೊರೆಯುತ್ತವೆ ಎಂಬುದು ಮಾರಾಟಗಾರರ ಮಾತು. ಬೆಲೆಯೂ ಸಾಮಾನ್ಯ ನಾನ್‌ಸ್ಟಿಕ್ ಬಾಣಲೆಗಿಂತ ಸಾಕಷ್ಟು ಹೆಚ್ಚು. ಮಗಳ ಮದುವೆಗೆ ಕೊಡಬಹುದೇ, ಇದರ ಮೇಲೆ ರೊಟ್ಟಿ ಸುಡಬಹುದೇ, ಆರೋಗ್ಯಕ್ಕೆ ಕೇಡಿಲ್ಲವೇ ಎಂಬ ಪ್ರಶ್ನೆಗಳು ಸಹಜವಾಗಿಯೇ ಹುಟ್ಟುತ್ತವೆ. ಪರಿಸರದ ಪತ್ರಿಕೆಗೂ ಬಾಣಲೆಗೂ ಏನು ಸಂಬಂಧವೆಂದು ಕೇಳುವವರೂ ಇರಬಹುದು. ಆ ಸಂಬಂಧ ನದಿಯ ನೀರಿನ ಮೂಲಕ ಬಂದಿದೆ.

ಮೊದಲಿಗೆ ಈ ಪಾತ್ರೆಯ ರಚನೆಯನ್ನು ತಿಳಿಯಬೇಕು. ಒಳ್ಳೆಯ ಹೈಬ್ರಿಡ್ ಬಾಣಲೆಯ ತಳದಲ್ಲಿ ಮೂರು ಪದರಗಳಿರುತ್ತವೆ. ಒಳಗೆ ಸ್ಟೀಲು, ನಡುವೆ ಅಲ್ಯುಮಿನಿಯಂ, ಹೊರಗೆ ಅಯಸ್ಕಾಂತಕ್ಕೆ ಅಂಟುವ ಜಾತಿಯ ಸ್ಟೀಲು. ಸ್ಟೀಲು ಶಾಖವನ್ನು ನಿಧಾನವಾಗಿ ಹರಡುತ್ತದೆ. ಅಲ್ಯುಮಿನಿಯಂ ಬೇಗ ಹರಡುತ್ತದೆ. ಆದಕಾರಣ ನಡುವಿನ ಪದರವು ಉರಿಯ ಶಾಖವನ್ನು ಇಡೀ ತಳಕ್ಕೆ ಸಮನಾಗಿ ಹಂಚುತ್ತದೆ. ಹೊರಗಿನ ಪದರದಿಂದಾಗಿ ಇಂಡಕ್ಷನ್ ಒಲೆಯ ಮೇಲೂ ಇದು ಕೆಲಸ ಮಾಡುತ್ತದೆ. ಇಲ್ಲಿಯವರೆಗಿನ ಯೋಜನೆ ಮೆಚ್ಚುವಂಥದೇ. ಒಳಮೈಯ ಉಬ್ಬುಗೆರೆಗಳು ಲೇಪಕ್ಕೆ ಬೇಲಿಯಿದ್ದಂತೆ. ಸೌಟು ಆಡಿಸಿದಾಗ ಅದು ಉಬ್ಬಿದ ಸ್ಟೀಲಿಗೆ ತಾಗುತ್ತದೆಯೇ ಹೊರತು ತಗ್ಗಿನಲ್ಲಿರುವ ಲೇಪಕ್ಕೆ ಅಷ್ಟಾಗಿ ತಾಗುವುದಿಲ್ಲ. ಹೀಗಾಗಿ ಲೇಪವು ಗೀರಿನಿಂದ ಬೇಗ ಹಾಳಾಗದು.

ಆದರೆ ಬೇಲಿಯು ದನವನ್ನು ತಡೆಯಬಲ್ಲದು, ಬಿಸಿಲನ್ನು ತಡೆಯಲಾರದು. ಉಬ್ಬುಗೆರೆಗಳು ಸೌಟಿನಿಂದ ಲೇಪವನ್ನು ರಕ್ಷಿಸುತ್ತವೆ, ಉರಿಯಿಂದ ರಕ್ಷಿಸುವುದಿಲ್ಲ. ಲೇಪವು ಕೂತಿರುವುದು ಅದೇ ಕಾದ ಲೋಹದ ಮೇಲೆ. ಸ್ಟೀಲಿನ ಪಾತ್ರೆ ತಾನೇ ಎಂದು ಭಾವಿಸಿ ಜೋರು ಉರಿಯಿಟ್ಟವರು ಲೇಪವನ್ನು ಸುಡುತ್ತಾರೆ. ಹೊರರೂಪವು ಸ್ಟೀಲಿನದಾಗಿರುವುದೇ ಇಲ್ಲಿ ತಪ್ಪು ಭರವಸೆಯನ್ನು ನೀಡುತ್ತದೆ. ಇದೊಂದು ಸಂಗತಿಯನ್ನು ಅರಿತರೆ ಈ ಬಾಣಲೆಯ ಬಗೆಗೆ ಅರಿಯಬೇಕಾದ ಬಹುಪಾಲು ಅರಿತಂತೆ.

ಲೇಪದ ಕತೆಯು 1938ರಷ್ಟು ಹಿಂದಿನದು. ಆ ವರ್ಷದ ಏಪ್ರಿಲ್ 6ರಂದು ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಯು ಶೈತ್ಯಾನಿಲಗಳ ಪ್ರಯೋಗದಲ್ಲಿ ತೊಡಗಿದ್ದಾಗ, ಅನಿಲ ತುಂಬಿದ್ದ ಸಿಲಿಂಡರೊಂದು ಖಾಲಿಯಾದಂತೆ ಕಂಡಿತು. ತೂಕ ಮಾತ್ರ ಕಡಿಮೆಯಾಗಿರಲಿಲ್ಲ. ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿಯ ಪುಡಿ ಇತ್ತು. ಯಾವ ಆಮ್ಲಕ್ಕೂ ಕರಗದ, ಯಾವ ವಸ್ತುವಿಗೂ ಅಂಟದ ಆ ಪದಾರ್ಥವೇ ಪಾಲಿಟೆಟ್ರಾಫ್ಲೋರೋಎಥಿಲೀನ್. ಮಾರುಕಟ್ಟೆಯಲ್ಲಿ ಟೆಫ್ಲಾನ್ ಎಂದು ಪ್ರಸಿದ್ಧವಾಯಿತು. 1954ರಲ್ಲಿ ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯುಮಿನಿಯಂಗೆ ಹಿಡಿಸುವ ವಿಧಾನವನ್ನು ಕಂಡುಕೊಂಡನು. ಅಡುಗೆಯ ಬಾಣಲೆಗೆ ಅದನ್ನು ಹಚ್ಚಬಾರದೇಕೆ ಎಂದು ಕೇಳಿದವಳು ಅವನ ಹೆಂಡತಿ ಕೊಲೆಟ್ ಎಂದು ಹೇಳಲಾಗುತ್ತದೆ. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು. ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಡುವಿನ ಬಂಧವು ಸಾವಯವ ರಸಾಯನ ಶಾಸ್ತ್ರದ ಅತ್ಯಂತ ಬಲವಾದ ಬಂಧಗಳಲ್ಲೊಂದು. ಲೇಪದ ಸದ್ಗುಣವೂ, ಮುಂದೆ ವಿವರಿಸಲಿರುವ ಅದರ ದುರ್ಗುಣವೂ ಈ ಬಂಧದಿಂದಲೇ ಬಂದವು.

ಈ ಲೇಪದ ಚೂರು ಅಕಸ್ಮಾತ್ತಾಗಿ ಹೊಟ್ಟೆಗೆ ಹೋದರೆ ವಿಷವಾಗುತ್ತದೆಯೇ? ಬಿಡಿ ಚೂರುಗಳು ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತವೆ ಎಂಬುದು ಆಹಾರ ಸುರಕ್ಷತಾ ಸಂಸ್ಥೆಗಳ ಅಭಿಪ್ರಾಯ. ಗೀರುಬಿದ್ದ ಬಾಣಲೆಯಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅಪಾರ ಸಂಖ್ಯೆಯಲ್ಲಿ ಬಿಡುಗಡೆಯಾಗಬಲ್ಲವು ಎಂದು 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಹೆದರಿಕೆಯೂ ಬೇಡ, ಉಪೇಕ್ಷೆಯೂ ಬೇಡ. ಲೇಪ ಏಳತೊಡಗಿದ ಪಾತ್ರೆಯನ್ನು ಒಲೆಯಿಂದ ಇಳಿಸುವುದು ಲೇಸು. ನಿಜವಾದ ಅಪಾಯವಿರುವುದು ಅತಿಯಾದ ಶಾಖದಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೇಪವು ಕೆಡತೊಡಗುತ್ತದೆ. 350 ಡಿಗ್ರಿಯ ಆಸುಪಾಸಿನಲ್ಲಿ ಒಡೆದು ವಿಷಾನಿಲಗಳನ್ನು ಬಿಡುತ್ತದೆ. ಅವನ್ನು ಸೇವಿಸಿದವರಿಗೆ ಕೆಲವು ತಾಸುಗಳಲ್ಲಿ ಚಳಿ, ಜ್ವರ, ಕೆಮ್ಮು, ಎದೆ ಬಿಗಿತ ಕಾಣಿಸಿಕೊಂಡು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನೆಗಡಿ ಜ್ವರವೆಂದು ತಿಳಿಯುವವರೇ ಹೆಚ್ಚು. ಆದರೆ ಪಕ್ಷಿಗಳ ಶ್ವಾಸಕೋಶವು ಈ ಹೊಗೆಯನ್ನು ತಾಳಲಾರದು. ಪಂಜರದ ಹಕ್ಕಿಗಳು ಅಡುಗೆಮನೆಯ ಕಾದ ಬಾಣಲೆಯಿಂದ ಸತ್ತ ನಿದರ್ಶನಗಳು ಪಶುವೈದ್ಯರ ದಾಖಲೆಗಳಲ್ಲಿ ಅನೇಕವಿವೆ. (ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದು ಬೇರೆ ಮಾತು.) ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಕೋಳಿಮರಿ ಸಾಕುವ ಮನೆಗಳವರು ಇದನ್ನು ಗಮನದಲ್ಲಿಡಬೇಕು.

260 ಡಿಗ್ರಿ ಎಂದರೆ ಎಷ್ಟು? ಗಾಣದ ಶೇಂಗಾ ಎಣ್ಣೆ ಅದಕ್ಕಿಂತ ಎಷ್ಟೋ ಮೊದಲೇ ಹೊಗೆಯಾಡುತ್ತದೆ. ಶುದ್ಧೀಕರಿಸಿದ ಶೇಂಗಾ ಎಣ್ಣೆಯೂ 230 ಡಿಗ್ರಿಯ ಆಸುಪಾಸಿನಲ್ಲಿ ಹೊಗೆ ಬಿಡುತ್ತದೆ. ಆದ್ದರಿಂದ ಎಣ್ಣೆಯಿದ್ದ ಬಾಣಲೆ ಎಚ್ಚರಿಕೆಯನ್ನು ತಾನೇ ಕೊಡುತ್ತದೆ. ನೀರು ಅಥವಾ ಪಲ್ಯ ಇರುವ ಪಾತ್ರೆಯು ನೀರು ಆರುವವರೆಗೆ 100 ಡಿಗ್ರಿಯನ್ನು ಬಹಳ ಮೀರದು. ಅಪಾಯವಿರುವುದು ಬರಿದಾದ, ಒಣಗಿದ ಪಾತ್ರೆಯಲ್ಲಿ. ಜೋರು ಉರಿಯ ಮೇಲೆ ಬರಿ ಬಾಣಲೆಯು ಕೆಲವೇ ನಿಮಿಷಗಳಲ್ಲಿ 260 ಡಿಗ್ರಿಯನ್ನು ದಾಟಬಲ್ಲದು. ಅದಕ್ಕೆ ಹೊಗೆಯ ಎಚ್ಚರಿಕೆಯೂ ಇರುವುದಿಲ್ಲ.

ಈಗ ಜೋಳದ ರೊಟ್ಟಿ ಮಾಡುವ ಬಗೆಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಕುದಿನೀರಿನಲ್ಲಿ ಕಲಸಿ ನಾದಿದ ಹಿಟ್ಟನ್ನು ಬಡಿದು, ಚೆನ್ನಾಗಿ ಕಾದ ಒಣ ಹಂಚಿನ ಮೇಲೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯುತ್ತಾರೆ. ಎಣ್ಣೆಯ ಹನಿಯೂ ಇಲ್ಲ. ಒಂದು ರೊಟ್ಟಿ ಇಳಿದು ಇನ್ನೊಂದನ್ನು ಬಡಿದು ಮುಗಿಸುವವರೆಗೆ ಹಂಚು ಬರಿದಾಗಿಯೇ ಕಾಯುತ್ತಿರುತ್ತದೆ. ಕೆಳಗೆ ಹತ್ತಿಕಟ್ಟಿಗೆಯೋ ತೊಗರಿಕಟ್ಟಿಗೆಯೋ ಇದ್ದರೆ ಉರಿಯನ್ನು ಗುಬ್ಬಿ ತಿರುಗಿಸಿ ತಗ್ಗಿಸುವ ಉಪಾಯವೂ ಇಲ್ಲ. ಲೇಪದ ಪಾತ್ರೆಯೊಡನೆ ಬರುವ ಚೀಟಿಯಲ್ಲಿ 'ಬರಿದಾಗಿ ಕಾಯಿಸಬೇಡಿ, ಜೋರು ಉರಿ ಬೇಡ' ಎಂದು ಏನನ್ನು ನಿಷೇಧಿಸಲಾಗಿದೆಯೋ, ಜೋಳದ ರೊಟ್ಟಿಗೆ ಬೇಕಾದದ್ದು ನಿಖರವಾಗಿ ಅದೇ. ಪ್ಯಾರಿಸ್ಸಿನ ತತ್ತಿಯ ಬಾಣಲೆಗಾಗಿ ಹುಟ್ಟಿದ ವಸ್ತುವಿಗೆ ಸವದತ್ತಿಯ ರೊಟ್ಟಿಯ ಕಾವು ತಿಳಿದಿರಲು ಸಾಧ್ಯವಿಲ್ಲ. ಅದು ಆ ವಸ್ತುವಿನ ದೋಷವೂ ಅಲ್ಲ. ಆದುದರಿಂದ ಲೇಪದ ಬಾಣಲೆಯು ಹೈಬ್ರಿಡ್ ಆಗಿರಲಿ, ಸಾಮಾನ್ಯದ್ದಾಗಿರಲಿ, ಜೋಳದ ರೊಟ್ಟಿಗೂ, ಸಜ್ಜಿಯ ರೊಟ್ಟಿಗೂ, ಶೇಂಗಾ, ಮೆಣಸಿನಕಾಯಿಗಳನ್ನು ಒಣಗಿಯೇ ಹುರಿಯುವುದಕ್ಕೂ ತಕ್ಕುದಲ್ಲ. ಕಟ್ಟಿಗೆಯ ಒಲೆಯ ಮೇಲೆ ಅದನ್ನು ಏರಿಸಲೇಬಾರದು.

2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಹೊರತಂದ ಆಹಾರ ಮಾರ್ಗಸೂಚಿಯು ಇನ್ನೂ ಕಟ್ಟುನಿಟ್ಟಾದ ಗೆರೆ ಎಳೆದು, 170 ಡಿಗ್ರಿ ಮೀರಿದ ಶಾಖದಲ್ಲಿ ನಾನ್‌ಸ್ಟಿಕ್ ಪಾತ್ರೆಗಳ ಬಗೆಗೆ ಎಚ್ಚರಿಸಿದೆ. ಮಣ್ಣಿನ ಪಾತ್ರೆಗಳನ್ನು ಅತ್ಯಂತ ಸುರಕ್ಷಿತವೆಂದು ಹೇಳಿದೆ. ಎರಡು ಅಂಕಿಗಳಲ್ಲಿ ಯಾವುದನ್ನು ಒಪ್ಪಿದರೂ ರೊಟ್ಟಿಯ ವಿಷಯದಲ್ಲಿ ನಿರ್ಣಯ ಬದಲಾಗುವುದಿಲ್ಲ.

ವಿದ್ಯಾರ್ಥಿಗಳು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಕಾದ ಕಬ್ಬಿಣದ ಹಂಚಿನ ಮೇಲೆ ನೀರಿನ ಹನಿ ಚಿಮುಕಿಸಿದರೆ ಮೊದಲು ಅದು ಚುಂಯ್‌ಗುಟ್ಟಿ ಆರುತ್ತದೆ. ಕಾವು ಇನ್ನೂ ಏರಿದಾಗ ಹನಿಯು ಆರದೆ ಪಾದರಸದಂತೆ ಓಡಾಡತೊಡಗುತ್ತದೆ. ಹನಿಯ ಕೆಳಗೆ ಆವಿಯ ಹಾಸಿಗೆ ಉಂಟಾಗುವುದರಿಂದ ಹೀಗಾಗುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯನು 1756ರಲ್ಲಿಯೇ ಇದನ್ನು ವಿವರಿಸಿದ್ದನು. ಹನಿ ಓಡಾಡಿದರೆ ಲೋಹವು ಸರಿಸುಮಾರು 200 ಡಿಗ್ರಿಗೆ ಬಂದಿದೆ ಅಥವಾ ದಾಟಿದೆ ಎಂದು ತಿಳಿಯಬಹುದು. ಲೇಪದ ಬಾಣಲೆಯ ಮೇಲೆ ಮಾತ್ರ ಈ ಪರೀಕ್ಷೆ ನಡೆಯದು. ಅಲ್ಲಿ ತಣ್ಣಗಿರುವಾಗಲೂ ನೀರು ಮಣಿಯಾಗಿಯೇ ಉರುಳುತ್ತದೆ. ಅಜ್ಜಿಯರಿಂದ ಬಂದ ಕಾವಿನ ಅಳತೆ ಹೊಸ ಪಾತ್ರೆಯಲ್ಲಿ ಕೈಕೊಡುತ್ತದೆ ಎಂಬುದನ್ನು ಸೊಸೆಯಂದಿರು ಗಮನಿಸಬೇಕು.

ಇನ್ನು ನದಿಯ ಮಾತು. ಟೆಫ್ಲಾನ್ ತಯಾರಿಸುವಾಗ ಅದರ ಕಣಗಳನ್ನು ನೀರಿನಲ್ಲಿ ಹರಡಿಸಿಡಲು ಸಾಬೂನಿನಂಥ ಒಂದು ರಾಸಾಯನಿಕವನ್ನು ದಶಕಗಳ ಕಾಲ ಬಳಸಲಾಯಿತು. ಅದರ ಹೆಸರು ಪರ್‌ಫ್ಲೋರೋಆಕ್ಟನೋಯಿಕ್ ಆಮ್ಲ, ಚಿಕ್ಕದಾಗಿ ಪಿಎಫ್ಓಎ. ಪಿಎಫ್ಎಎಸ್ ಎಂದು ಕರೆಯಲಾಗುವ ಸಾವಿರಾರು ಫ್ಲೋರಿನ್ ರಾಸಾಯನಿಕಗಳ ದೊಡ್ಡ ಕುಟುಂಬಕ್ಕೆ ಇದೂ ಸೇರಿದೆ. ಬಾಣಲೆಯಲ್ಲಿ ಪಿಎಫ್ಓಎ ಉಳಿಯುವುದು ಅತ್ಯಲ್ಪ. ಕಾರ್ಖಾನೆಯ ಹೊಗೆ, ಚರಂಡಿ, ಕಸದ ಗುಂಡಿಗಳಿಗೆ ಹೋಗುವುದೇ ಹೆಚ್ಚು. ಬಂಧವು ಬಲವಾಗಿರುವುದರಿಂದ ಅದು ಬಿಸಿಲಿಗೆ ಕೆಡುವುದಿಲ್ಲ, ಕ್ರಿಮಿಗಳಿಂದ ಕೊಳೆಯುವುದಿಲ್ಲ, ನೀರನ್ನು ಕುದಿಸಿದರೂ ಹೋಗುವುದಿಲ್ಲ. ಮನುಷ್ಯನ ರಕ್ತ ಸೇರಿದರೆ ಅರ್ಧದಷ್ಟು ಹೊರಹೋಗಲು ವರ್ಷಗಳೇ ಬೇಕು. ಆದ್ದರಿಂದಲೇ ಈ ಕುಟುಂಬಕ್ಕೆ ಶಾಶ್ವತ ರಾಸಾಯನಿಕಗಳೆಂಬ ಹೆಸರು ಬಂದಿದೆ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಒಹಾಯೊ ನದಿಯ ದಂಡೆಯ ಪಾರ್ಕರ್ಸ್‌ಬರ್ಗ್ ಪಟ್ಟಣದ ಬಳಿ ಡ್ಯುಪಾಂಟಿನ ಕಾರ್ಖಾನೆಯಿತ್ತು. ಅದರ ತ್ಯಾಜ್ಯದ ಗುಂಡಿಯ ಕೆಳಗಿನ ಹಳ್ಳದಲ್ಲಿ ನೀರು ಕುಡಿಯುತ್ತಿದ್ದ ವಿಲ್ಬರ್ ಟೆನೆಂಟ್ ಎಂಬ ರೈತನ ನೂರಕ್ಕೂ ಹೆಚ್ಚು ದನಗಳು ಒಂದೊಂದಾಗಿ ಸತ್ತವು. ಅಧಿಕಾರಿಗಳು ಕಿವಿಗೊಡದಿದ್ದಾಗ ಅವನು ಸತ್ತ ದನಗಳ ಚಿತ್ರೀಕರಣ ಮಾಡಿಟ್ಟುಕೊಂಡು 1998ರಲ್ಲಿ ರಾಬರ್ಟ್ ಬಿಲಾಟ್ ಎಂಬ ವಕೀಲರ ಬಳಿ ಹೋದನು. ರಾಸಾಯನಿಕ ಕಂಪನಿಗಳ ಪರವಾಗಿಯೇ ಕೆಲಸ ಮಾಡುತ್ತಿದ್ದ ಆ ವಕೀಲರು ಈ ಮೊಕದ್ದಮೆಯನ್ನು ಕೈಗೆತ್ತಿಕೊಂಡರು. ಮುಂದೆ ಸುತ್ತಲಿನ ಸುಮಾರು 69,000 ಜನರು ತಮ್ಮ ರಕ್ತದ ಮಾದರಿ ಹಾಗೂ ಆರೋಗ್ಯದ ವಿವರಗಳನ್ನು ಕೊಟ್ಟರು. ಅದನ್ನಾಧರಿಸಿ ವಿಜ್ಞಾನಿಗಳ ಮಂಡಳಿಯೊಂದು 2012ರ ವೇಳೆಗೆ ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ಕರುಳಿನ ಹುಣ್ಣು, ಬಸಿರಿನಲ್ಲಿ ಬರುವ ರಕ್ತದೊತ್ತಡ, ಅಧಿಕ ಕೊಲೆಸ್ಟ್ರಾಲ್ ಎಂಬ ಆರು ರೋಗಗಳಿಗೂ ಪಿಎಫ್ಓಎಗೂ ಸಂಬಂಧವಿರುವ ಸಂಭವವನ್ನು ಗುರುತಿಸಿತು. 2017ರಲ್ಲಿ ಸುಮಾರು 3,550 ಮೊಕದ್ದಮೆಗಳಿಗಾಗಿ 67 ಕೋಟಿ ಡಾಲರಿಗೂ ಮಿಕ್ಕಿ ಹಣ ತೆರಲು ಕಂಪನಿಗಳು ಒಪ್ಪಿದವು. ಟೆನೆಂಟ್ ಅದನ್ನು ಕಾಣಲಿಲ್ಲ. ಅವನು 2009ರಲ್ಲಿಯೇ ತೀರಿಕೊಂಡಿದ್ದನು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಪಿಎಫ್ಓಎಯನ್ನು ಜಗತ್ತಿನಿಂದ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವರ್ಗೀಕರಿಸಿತು.

ದೂರದ ಅಮೆರಿಕದ ಕತೆಯೆಂದು ಇದನ್ನು ಬದಿಗಿರಿಸುವಂತಿಲ್ಲ. ಇಟಲಿಯ ವಿಚೆಂಜಾ ಪ್ರಾಂತದ ತ್ರಿಸ್ಸಿನೋ ಎಂಬಲ್ಲಿ ಮಿಟೆನಿ ಎಂಬ ಕಾರ್ಖಾನೆಯಿತ್ತು. ಅದು ಈ ಕುಟುಂಬದ ರಾಸಾಯನಿಕಗಳನ್ನು ತಯಾರಿಸಿ, ಮೂರು ಲಕ್ಷಕ್ಕೂ ಹೆಚ್ಚು ಜನರ ಕುಡಿಯುವ ನೀರಿನ ಸೆಲೆಯನ್ನು ಕೆಡಿಸಿ, 2018ರಲ್ಲಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ಅಲ್ಲಿಯ ನ್ಯಾಯಾಲಯವು ಅದಕ್ಕೆ ಸಂಬಂಧಿಸಿದ ಹನ್ನೊಂದು ಮಂದಿ ಅಧಿಕಾರಿಗಳಿಗೆ ಒಟ್ಟು 141 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಅಷ್ಟರೊಳಗೆ ಆ ಕಾರ್ಖಾನೆಯ ಯಂತ್ರಗಳು ಹರಾಜಾಗಿ, ಭಾರತದ ಕಂಪನಿಯೊಂದರ ಕೈಸೇರಿ, ಹಡಗೇರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ ಬಂದಿಳಿದಿದ್ದವು. ಲೋಟೆ ಇರುವುದು ಸಹ್ಯಾದ್ರಿಯ ಪಡುವಣ ತಪ್ಪಲಿನಲ್ಲಿ, ವಾಶಿಷ್ಠಿ ನದಿಯ ಜಲಾನಯನದಲ್ಲಿ. ಅಲ್ಲಿಯ ನೀರು ಮಲಪ್ರಭೆಗೆ ಬರುವುದಿಲ್ಲ, ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ ಎಂಬುದು ನಿಜ. ಆದರೆ ಮಲಪ್ರಭೆಯೂ ಅದೇ ಸಹ್ಯಾದ್ರಿಯ ಮಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದಲ್ಲಿ ತಡೆಗೊಂಡು, ಸವದತ್ತಿ ಸೀಮೆಯ ಹೊಲಗಳಿಗೂ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ನೀರಾಗುತ್ತಾಳೆ. ಒಂದು ದೇಶದಲ್ಲಿ ಜನ ಎದ್ದುನಿಂತಾಗ ಯಂತ್ರಗಳು ಮತ್ತೊಂದು ದೇಶದ ಬೆಟ್ಟದ ಬುಡವನ್ನು ಹುಡುಕಿಕೊಳ್ಳುತ್ತವೆ ಎಂಬುದನ್ನು ಘಟ್ಟದ ಎರಡೂ ಬದಿಯವರು ತಿಳಿದಿರಬೇಕು.

ಇಷ್ಟಾದ ಮೇಲೆ ಅಂಗಡಿಯ ಮುಂದೆ ನಿಂತವರು ಏನನ್ನು ಕೇಳಬೇಕು? ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಪಿಎಫ್ಓಎ ರಹಿತ' ಎಂದು ಬರೆದಿರುತ್ತದೆ. ಇದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಅಮೆರಿಕದ ಪ್ರಮುಖ ತಯಾರಕರು 2015ರ ಹೊತ್ತಿಗೇ ಪಿಎಫ್ಓಎಯನ್ನು ಕೈಬಿಟ್ಟು ಅದರ ಸೋದರ ರಾಸಾಯನಿಕಗಳನ್ನು ಹಿಡಿದರು. ಅಂಥದೊಂದು ಬದಲಿ ವಸ್ತು ಉತ್ತರ ಕ್ಯಾರೊಲಿನಾದ ಕೇಪ್ ಫಿಯರ್ ನದಿಯ ನೀರಿನಲ್ಲಿದೆಯೆಂಬುದು 2017ರಲ್ಲಿ ಬಯಲಾಯಿತು. 'ಪಿಎಫ್ಓಎ ರಹಿತ'ವೆಂದ ಮಾತ್ರಕ್ಕೆ ಲೇಪವು ಟೆಫ್ಲಾನ್ ಜಾತಿಯದಲ್ಲವೆಂದು ಅರ್ಥವಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಲೇಪ ಯಾವುದರದು, ಪಿಟಿಎಫ್ಇಯೋ ಸೆರಾಮಿಕ್ಕೋ? ಉತ್ತರ ಸಿಗದಿದ್ದರೆ, ಪೆಟ್ಟಿಗೆಯ ಮೇಲೂ ಬರೆದಿರದಿದ್ದರೆ, ಅದು ಪಿಟಿಎಫ್ಇ ಎಂದೇ ಭಾವಿಸುವುದು ಕ್ಷೇಮ. ಹೈಬ್ರಿಡ್ ಬಾಣಲೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಹೆಕ್ಸ್‌ಕ್ಲಾಡ್ ಕಂಪನಿಯೇ, ಪಿಟಿಎಫ್ಇ ಲೇಪವಿದ್ದ ಪಾತ್ರೆಗಳನ್ನು ವಿಷರಹಿತವೆಂದು ಜಾಹೀರಾತು ಮಾಡಿತೆಂಬ ಮೊಕದ್ದಮೆಯನ್ನು 2025ರಲ್ಲಿ 25 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಸಿಕೊಂಡಿತು. ಅಷ್ಟರಲ್ಲಿ ಅದು ಸೆರಾಮಿಕ್ ಲೇಪಕ್ಕೆ ಹೊರಳಿತ್ತು. ಅಮೆರಿಕದ ಮಿನೆಸೋಟ ರಾಜ್ಯವು 2025ರ ಜನವರಿಯಿಂದ ಪಿಎಫ್ಎಎಸ್ ಬೆರೆಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಷೇಧಿಸಿದೆ. ಅದೇ ವರ್ಷ ಫ್ರಾನ್ಸ್ ಇಂಥದೇ ಕಾನೂನು ಮಾಡಿದಾಗ ಬಾಣಲೆಗಳನ್ನು ಮಾತ್ರ ಹೊರಗಿಟ್ಟಿತು. ಟೆಫಾಲ್ ಹುಟ್ಟಿದ ದೇಶವಲ್ಲವೇ!

ಸೆರಾಮಿಕ್ ಎಂದರೂ ಅದು ಕುಂಬಾರನ ಮಣ್ಣಲ್ಲ. ಮರಳಿನ ಮುಖ್ಯ ಅಂಶವಾದ ಸಿಲಿಕಾದಿಂದ ತಯಾರಾದ ತೆಳುವಾದ ಲೇಪ ಅದು. ಫ್ಲೋರಿನ್ ಇಲ್ಲವೆಂಬುದು ಅದರ ಗುಣ. ಅಂಟದ ಗುಣ ಬೇಗ ಸವೆದು ಒಂದೆರಡು ವರ್ಷಗಳಲ್ಲಿ ತತ್ತಿ ಹಿಡಿಯತೊಡಗುವುದು ದೋಷ. ಸ್ಟೀಲ್ ಹಾಗೂ ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರವು 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಕೊಳ್ಳುವವರು ಆ ಗುರುತನ್ನು ನೋಡಬೇಕು. ಲೇಪದ ಹೆಸರನ್ನು ಬೇರೆಯಾಗಿಯೇ ಕೇಳಬೇಕು. ಬಾಣಲೆ ಕೈಗೆ ಭಾರವೆನಿಸಬೇಕು. ಹಗುರವಾದದ್ದು ಬೇಗ ಕಾಯ್ದು ಬೇಗ ಸೊಟ್ಟಗಾಗುತ್ತದೆ.

ಕೊಂಡೇ ಆಗಿದೆಯೆಂದರೆ ಅದನ್ನು ಬಿಸಾಡಬೇಕಾಗಿಲ್ಲ. ತತ್ತಿ, ನೀರುದೋಸೆ, ಮೀನು, ಪನೀರು, ಎಣ್ಣೆ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ಹಿರಿಯರ ಪಲ್ಯ, ಇಂಥವಕ್ಕೆ ಅದು ಒಳ್ಳೆಯದೇ. ಗ್ಯಾಸಿನ ಒಲೆ ಅಥವಾ ಇಂಡಕ್ಷನ್ ಮೇಲೆ ನಡುವಿನ ಉರಿಯನ್ನು ಮೀರಬಾರದು. ಮೊದಲು ಎಣ್ಣೆ ಹಾಕಿ ಅನಂತರ ಒಲೆ ಹಚ್ಚಬೇಕು. ಹೈಬ್ರಿಡ್ ಬಾಣಲೆಯ ಉಬ್ಬುಗೆರೆಗಳು ಬರಿ ಸ್ಟೀಲಾದ್ದರಿಂದ ಎಣ್ಣೆಯಿಲ್ಲದೆ ತತ್ತಿ ಅಂಟುವುದು ಖಚಿತ. ಅದನ್ನು ಕೊಂಡವರ ಮೊದಲ ದೂರೂ ಇದೇ. ಕಾದ ಬಾಣಲೆಗೆ ತಣ್ಣೀರು ಸುರಿಯದೆ ಆರಲು ಬಿಡಬೇಕು. ಈ ಸೀಮೆಯ ಮನೆಗಳಲ್ಲಿ ಪಾತ್ರೆ ತಿಕ್ಕುವುದು ಬೂದಿ, ಮಣ್ಣು, ತೆಂಗಿನ ನಾರಿನಿಂದ. ಉಬ್ಬುಗೆರೆಗಳು ಅದನ್ನು ತಾಳಿಯಾವು, ಆದರೆ ಬೂದಿಯ ಹರಳು ತಗ್ಗಿಗಿಳಿದು ಲೇಪವನ್ನು ಅರೆಯುತ್ತದೆ. ಮೆತ್ತನೆಯ ಬಟ್ಟೆ, ಸೀಗೆಪುಡಿ ಸಾಕು. ತಂತಿಯ ಉಂಡೆಯಿಂದಲೂ ಉಜ್ಜಬಹುದೆಂದು ಜಾಹೀರಾತು ಹೇಳಿದರೂ ಕೇಳಬಾರದು.

ರೊಟ್ಟಿಗೆ ಕಬ್ಬಿಣದ ಹಂಚೇ ಸರಿ. ಹೊಸ ಹಂಚು ಅಂಟುತ್ತದೆಂದು ದೂರುವವರು ಅದನ್ನು ಪಳಗಿಸಿರುವುದಿಲ್ಲ. ಹಂಚನ್ನು ತೊಳೆದು, ಒಲೆಯ ಮೇಲೆ ಒಣಗಿಸಿ, ಕುಸುಬಿ ಅಥವಾ ಅಗಸಿ ಎಣ್ಣೆಯನ್ನು ಬಟ್ಟೆಯಿಂದ ತೀರ ತೆಳ್ಳಗೆ ಸವರಿ, ಹೊಗೆ ನಿಲ್ಲುವವರೆಗೆ ಕಾಯಿಸಿ ಆರಿಸಬೇಕು. ನಾಲ್ಕಾರು ಸಲ ಹೀಗೆ ಮಾಡಬೇಕು. ಈ ಎರಡು ಎಣ್ಣೆಗಳು ಗಾಳಿಗೆ, ಶಾಖಕ್ಕೆ ಗಟ್ಟಿಯಾಗುವ ಜಾತಿಯವು. ಅಗಸಿ ಎಣ್ಣೆಯನ್ನು ಬಣ್ಣ ತಯಾರಿಸಲು ಬಳಸುತ್ತಿದ್ದುದು ಇದಕ್ಕಾಗಿಯೇ. ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದು ಕಬ್ಬಿಣಕ್ಕೆ ಕರಿಯ ನುಣುಪಾದ ಪದರವಾಗಿ ಹಿಡಿಯುತ್ತವೆ. ವಿಜ್ಞಾನದ ದೃಷ್ಟಿಯಲ್ಲಿ ಇದೂ ಒಂದು ಪಾಲಿಮರ್ ಲೇಪವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವ್ಯತ್ಯಾಸವೆಂದರೆ ಇದು ಸವೆದರೆ ಮನೆಯಲ್ಲಿಯೇ ಮತ್ತೆ ಹಚ್ಚಬಹುದು, ಇದರ ಕಾರ್ಖಾನೆ ಗಾಣವೇ ಹೊರತು ಬೇರಲ್ಲ. ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣಾಂಶವೂ ಸೇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯುಳ್ಳವರು. ಒಣ ರೊಟ್ಟಿಯಿಂದ ದೊರೆಯುವುದು ಅಲ್ಪ. ಹುಳಿ ಹಾಕಿದ ಪಲ್ಯ, ಝುಣಕವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದಾಗ ಹೆಚ್ಚು.

ಮಣ್ಣಿನ ಪಾತ್ರೆಯ ಬಗೆಗೆ ಒಂದು ಮಾತು. ಇದೇ ಬೆಳಗಾವಿ ಜಿಲ್ಲೆಯ ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಸಾರು, ಬೇಳೆ, ಮೊಸರಿಗೆ ಮಣ್ಣಿನ ಪಾತ್ರೆಗೆ ಸಮಾನವಾದದ್ದಿಲ್ಲ. ಥಳಥಳಿಸುವ ಬಣ್ಣದ ಮೆರುಗು ಹಚ್ಚಿದ ಮಣ್ಣಿನ ಪಾತ್ರೆಯಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಬಿಟ್ಟು, ಮೆರುಗಿಲ್ಲದ ಕೆಂಪು ಪಾತ್ರೆಯನ್ನೇ ಆರಿಸಿಕೊಳ್ಳಬೇಕು.

ಕಡೆಯದಾಗಿ ಹಳೆಯ ಬಾಣಲೆಯ ಪ್ರಶ್ನೆ. ಲೇಪ ಎದ್ದುಹೋದ ನಾನ್‌ಸ್ಟಿಕ್ ಪಾತ್ರೆಯನ್ನು ಲೇಪ ಸುಟ್ಟುಹೋಗಲೆಂದು ಒಲೆಗೆ ಹಾಕುವುದು, ಕಲ್ಲಿನಿಂದ ಕೆರೆದು ಪುಡಿಯನ್ನು ತಿಪ್ಪೆಗೆ ಸುರಿಯುವುದು ಎರಡೂ ತಪ್ಪು. ತಿಪ್ಪೆಯ ಗೊಬ್ಬರ ಹೊಲಕ್ಕೇ ಹೋಗುತ್ತದೆ. ಗುಜರಿಯವನಿಗೆ ಕೊಟ್ಟರೆ ಲೋಹ ಕರಗುವ ಕುಲುಮೆಯಲ್ಲಿ ಲೇಪ ಉರಿದು ಅಲ್ಲಿಯ ಕೂಲಿಯವರ ಉಸಿರಿಗೆ ಸೇರುವ ಅಪಾಯವಿದೆ. ಸದ್ಯಕ್ಕೆ ಹಳ್ಳಿಗಳಲ್ಲಿ ಇದಕ್ಕೆ ಸರಿಯಾದ ವ್ಯವಸ್ಥೆಯೇ ಇಲ್ಲ. ಒಲೆಗೆ ದೂರವಿರಿಸಿ ಕಾಳುಕಡಿ ಹರಡುವ ತಟ್ಟೆಯಾಗಿಯೋ, ಗಿಡದ ಕುಂಡದ ಕೆಳಗಿಡುವ ತಟ್ಟೆಯಾಗಿಯೋ ಬಳಸಿದರೆ ತತ್ಕಾಲಕ್ಕೆ ಕೇಡಿಲ್ಲ. ಶಾಲೆಯ ವಿದ್ಯಾರ್ಥಿಗಳು ತಮ್ಮ ಓಣಿಯ ಮನೆಗಳಲ್ಲಿ ಎಷ್ಟು ಲೇಪದ ಬಾಣಲೆಗಳಿವೆ, ಅವುಗಳ ಮೇಲೆ ರೊಟ್ಟಿ ಸುಡಲಾಗುತ್ತಿದೆಯೇ, ಕಳೆದ ಐದು ವರ್ಷಗಳಲ್ಲಿ ಹಾಳಾದವು ಎಲ್ಲಿಗೆ ಹೋದವು ಎಂಬುದನ್ನು ಕೇಳಿ ಬರೆದುಕೊಂಡರೆ ಗ್ರಾಮ ಪಂಚಾಯಿತಿಯ ಒಣಕಸ ಸಂಗ್ರಹದವರ ಮುಂದೆ ಇಡಲು ಒಂದು ಲೆಕ್ಕವಾದರೂ ಸಿಗುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಮುಂಚೆ ಆ ಪಟ್ಟಿ ಸಿದ್ಧವಾದರೆ, ಗುಡ್ಡದ ಮೇಲೆ ಪಾತ್ರೆ ಕೊಳ್ಳುವವರಿಗೂ ಅದನ್ನು ತೋರಿಸಬಹುದು.